ಆ ನೋಟಿನ ಕೆಳಗೆ ಇನ್ನೆರಡು ಸಾಲು ಬರೆಯಿರಿ: ನಾಣ್ಯ ಪ್ರದರ್ಶನ ನಡೆಸುವವರಿಗೊಂದು ಬಹಿರಂಗ ಪತ್ರ

ನಾಣ್ಯ ಮತ್ತು ನೋಟುಗಳ ಪ್ರದರ್ಶನ ಏರ್ಪಡಿಸುವ ಸಂಘಗಳ ಪದಾಧಿಕಾರಿಗಳಿಗೆ, ಗಾಜಿನ ಪೆಟ್ಟಿಗೆಯೊಳಗೆ ಚೀಟಿ ಬರೆದಿಡುವ ಸಂಗ್ರಾಹಕ ಮಿತ್ರರಿಗೆ,

ಮಾನ್ಯರೇ,

ನಮಸ್ಕಾರ. ನಾನು ಬ್ಯಾಂಕೊಂದರಲ್ಲಿ ಕ್ಯಾಶಿಯರ್ ಆಗಿದ್ದು ನಿವೃತ್ತನಾದವನು. ಕೆಲಸ ಬಿಟ್ಟರೂ ನೋಟಿನ ಹುಚ್ಚು ಬಿಟ್ಟಿಲ್ಲ. ಬೆಂಗಳೂರಿನಲ್ಲಿ ನಾಣ್ಯದ ಪ್ರದರ್ಶನ ಎಲ್ಲಿ ನಡೆದರೂ ನನ್ನ ಹಾಜರಿ ಇದ್ದೇ ಇರುತ್ತದೆ. ಈಚೆಗೆ ನೀವು ಬ್ರಿಟಿಷ್ ವಸಾಹತುಗಳ ಹಣಕ್ಕೆಂದೇ ಒಂದು ಸಾಲು ಪೆಟ್ಟಿಗೆ ಇಟ್ಟಿದ್ದಿರಿ. ನೋಡಿ ಖುಷಿಪಟ್ಟೆ. ಜೊತೆಗೆ ಒಂದು ವಿಷಯ ಮನಸ್ಸಿಗೆ ಕಿರಿಕಿರಿ ಮಾಡಿತು. ನಿಮ್ಮಲ್ಲಿ ಒಬ್ಬರಿಗೆ ಫೋನ್ ಮಾಡಿ ಹೇಳಿ ಮುಗಿಸಬಹುದಿತ್ತು. ಆದರೆ ಇದು ಒಂದು ಪ್ರದರ್ಶನಕ್ಕೋ ಒಬ್ಬರ ಸಂಗ್ರಹಕ್ಕೋ ಸೇರಿದ ಮಾತಲ್ಲ. ನಾವೆಲ್ಲ ಚೀಟಿ ಬರೆಯುವ ರೀತಿಯ ಬಗ್ಗೆ ಇರುವ ದೂರು. ಅದಕ್ಕೇ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಹಾಂಗ್‌ಕಾಂಗ್‌ನ ಪೆಟ್ಟಿಗೆಯಲ್ಲಿ ಕೆಂಪು ಮೊಹರಿನ ಒಂದು ಚೀನೀ ನೋಟಿತ್ತು. ನಾಲ್ಕು ಮಡಿಕೆಯಾಗಿ ಯಾರದೋ ಜೇಬಿನಲ್ಲಿ ಬಹಳ ದಿನ ಓಡಾಡಿದ ಗುರುತು ಹಾಗೇ ಇತ್ತು. ಪಕ್ಕದಲ್ಲಿ ಡ್ರ್ಯಾಗನ್ ಇರುವ ಸಣ್ಣ ಬೆಳ್ಳಿ ನಾಣ್ಯ. ಕೆಳಗೆ ಚೀಟಿ: ‘ಗುವಾಂಗ್‌ಡಾಂಗ್ ಪ್ರಾಂತ್ಯ. ವಿದೇಶಿ ಹಣ. 1913ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚಲಾವಣೆ ನಿಷೇಧ.’ ಅಷ್ಟೇ. ನನ್ನ ಪಕ್ಕ ನಿಂತಿದ್ದ ಹುಡುಗ ಅವರಪ್ಪನನ್ನು ಕೇಳಿದ, “ಯಾಕಪ್ಪಾ ಬ್ಯಾನ್ ಮಾಡಿದ್ರು?” ಅಪ್ಪ, “ಫಾರಿನ್ ದುಡ್ಡಲ್ವಾ, ಅದಕ್ಕೆ” ಅಂದು ಮುಂದಿನ ಪೆಟ್ಟಿಗೆಗೆ ಹೋದರು. ಅವರದ್ದೇನೂ ತಪ್ಪಿಲ್ಲ. ನಿಮ್ಮ ಚೀಟಿ ಹೇಳಿದ್ದೂ ಅದನ್ನೇ.

ಆದರೆ ಅದೇ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಏನಿತ್ತು, ನೆನಪಿದೆಯಾ? ಹದ್ದಿನ ಚಿತ್ರವಿರುವ ಮೆಕ್ಸಿಕೋದ ಬೆಳ್ಳಿ ಡಾಲರ್. ಬ್ರಿಟಿಷ್ ವಸಾಹತಿನಲ್ಲಿ ಅದು ಕಾನೂನುಬದ್ಧ ಹಣ. 1895ರ ಆದೇಶದ ಪ್ರಕಾರ ಹಾಂಗ್‌ಕಾಂಗ್‌ನಲ್ಲಿ ಲೆಕ್ಕದ ಅಳತೆಗೋಲೇ ಆ ಮೆಕ್ಸಿಕನ್ ಡಾಲರ್. ಮಹಾಸಾಗರದಾಚೆಯ ಮೆಕ್ಸಿಕೋ ‘ಫಾರಿನ್’ ಅಲ್ಲ, ದೋಣಿಯಲ್ಲಿ ಹೋಗಿ ಅಂದೇ ವಾಪಸ್ಸು ಬರಬಹುದಾದ ಪಕ್ಕದ ಪ್ರಾಂತ್ಯದ ದುಡ್ಡು ಮಾತ್ರ ‘ಫಾರಿನ್’! ಹಾಗಾದರೆ ಬರೀ ವಿದೇಶಿ ಅನ್ನೋ ಕಾರಣಕ್ಕೆ ನಿಷೇಧ ಆಗಿರಲಿಕ್ಕಿಲ್ಲ ಅಂತ ಯಾರಿಗಾದರೂ ಅನಿಸಬೇಕು. ಎರಡೂ ನಾಣ್ಯ ಒಂದೇ ಗಾಜಿನ ಕೆಳಗಿದ್ದರೂ ಆ ಪ್ರಶ್ನೆ ಹುಟ್ಟದ ಹಾಗೆ ಚೀಟಿ ಬರೆದಿದ್ದೀರಿ.

ಆ ಡ್ರ್ಯಾಗನ್ ನಾಣ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಕಡೆ ಸುತ್ತಲೂ ಇಂಗ್ಲಿಷ್ ಅಕ್ಷರ: ಕ್ವಾಂಗ್-ಟುಂಗ್ (ಗುವಾಂಗ್‌ಡಾಂಗ್‌ನ ಹಳೆಯ ಕಾಗುಣಿತ) ಪ್ರಾವಿನ್ಸ್, 1 ಮೇಸ್ ಮತ್ತು 4.4 ಕ್ಯಾಂಡರೀನ್ಸ್. ಮೇಸ್, ಕ್ಯಾಂಡರೀನ್ ಅನ್ನುವುದು ಅಲ್ಲಿನ ಬೆಳ್ಳಿ ತೂಗುವ ಅಳತೆ. ಅಂದರೆ ಅದು 20 ಸೆಂಟಿನ ನಾಣ್ಯ. ತೂಕ ಸುಮಾರು ಐದೂವರೆ ಗ್ರಾಂ. ಹಾಂಗ್‌ಕಾಂಗ್‌ನ 20 ಸೆಂಟಿನ ನಾಣ್ಯದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಆ ಪ್ರಾಂತ್ಯದ ರಾಜಧಾನಿ ಗುವಾಂಗ್‌ಝೌನ ಟಂಕಸಾಲೆ ಕೆಲಸ ಶುರು ಮಾಡಿದ್ದು 1889ರ ಹೊತ್ತಿಗೆ. ಯಂತ್ರಗಳು ಬಂದದ್ದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಕಂಪನಿಯಿಂದ. ಬ್ರಿಟಿಷರೇ ಮಾರಿದ ಯಂತ್ರದಲ್ಲಿ ಅಚ್ಚಾದ, ಬ್ರಿಟಿಷ್ ವಸಾಹತಿನ ಚಿಲ್ಲರೆಯ ತೂಕಕ್ಕೇ ಸರಿಹೊಂದುವ, ಇಂಗ್ಲಿಷ್ ಅಕ್ಷರದ ನಾಣ್ಯ ಇದು. ಕೂಲಿಯವನ ಕೈಗೆ, ಮೀನು ಮಾರುವವಳ ಬುಟ್ಟಿಗೆ ಎರಡೂ ನಾಣ್ಯ ಬೆರೆತೇ ಬರುತ್ತಿದ್ದವು.

ತೊಂದರೆ ಇದ್ದದ್ದು ಲೆಕ್ಕದಲ್ಲಿ. ಗುವಾಂಗ್‌ಡಾಂಗ್‌ನವರು ಲಾಭ ಸಿಗುತ್ತದೆ ಅಂತ ಚಿಲ್ಲರೆಯನ್ನು ಜಾಸ್ತಿ ಜಾಸ್ತಿ ಅಚ್ಚುಹಾಕಿದರು. ಹತ್ತು ಸೆಂಟಿನ ಹತ್ತು ನಾಣ್ಯ ಕೊಟ್ಟರೂ ಒಂದು ಇಡೀ ಡಾಲರ್ ಸಿಗದ ಸ್ಥಿತಿ ಬಂತು. ಹಣ ಬದಲಿಸುವ ಅಂಗಡಿಯವರು ವಟ್ಟ, ಅಂದರೆ ಮುಖಬೆಲೆಯಲ್ಲಿ ಇಷ್ಟು ಅಂತ ಕಡಿತ, ಹಿಡಿದುಕೊಂಡೇ ಕೊಡುತ್ತಿದ್ದರು. ಹಾಂಗ್‌ಕಾಂಗ್ ಸರ್ಕಾರವೂ ಈ ವಿಷಯದಲ್ಲಿ ಸಾಚಾ ಏನಲ್ಲ. ತನ್ನ ಬೆಳ್ಳಿ ಚಿಲ್ಲರೆಯನ್ನು ಅದೂ ಧಾರಾಳವಾಗಿ ಹೊರಬಿಟ್ಟಿತ್ತು. ಅದು ದಕ್ಷಿಣ ಚೀನಾದ ಉದ್ದಕ್ಕೂ ಓಡಾಡುತ್ತಿತ್ತು. ಹೆಚ್ಚಾದಾಗ ಅದಕ್ಕೂ ವಟ್ಟ ಬಿತ್ತು. ಸಂಗ್ರಾಹಕರಿಗೆಲ್ಲ ಗೊತ್ತಿರುವ ಹಾಗೆ ಆ ಕಾಲದ ಹಾಂಗ್‌ಕಾಂಗ್ ಬೆಳ್ಳಿ ಚಿಲ್ಲರೆಯ ಸರಣಿ 1905ನೇ ಇಸವಿಗೆ ನಿಂತುಹೋಗುತ್ತದೆ. ಯಾಕೆ ನಿಂತಿತು ಅಂತ ಕೇಳಿದರೆ ಅರ್ಧ ಕಥೆ ಅಲ್ಲೇ ಇದೆ.

ಇನ್ನೊಂದು ಸಣ್ಣ ಸಂಗತಿ. ಅಲ್ಲಿನ ಕಾನೂನಿನಲ್ಲಿ ಬೆಳ್ಳಿ ಚಿಲ್ಲರೆ ಕಡ್ಡಾಯವಾಗಿ ಸಲ್ಲುತ್ತಿದ್ದದ್ದು ಎರಡು ಡಾಲರ್‌ವರೆಗೆ ಮಾತ್ರ. ಅದಕ್ಕಿಂತ ದೊಡ್ಡ ಬಾಕಿಗೆ ಚಿಲ್ಲರೆ ಕೊಟ್ಟರೆ ಎದುರಿನವನು ಬೇಡ ಅನ್ನಬಹುದಿತ್ತು. ದೊಡ್ಡ ವ್ಯಾಪಾರಿಗೆ ಇದರಿಂದ ಏನೂ ಆಗುವುದಿಲ್ಲ. ಅವನ ವ್ಯವಹಾರ ಡಾಲರ್‌ನಲ್ಲಿ, ಬ್ಯಾಂಕ್ ನೋಟಿನಲ್ಲಿ. ಚಿಲ್ಲರೆಯಲ್ಲೇ ಸಂಬಳ ತಗೊಂಡು ಚಿಲ್ಲರೆಯಲ್ಲೇ ಬದುಕುವವನು ಮಾತ್ರ ತಿಂಗಳ ಬಾಡಿಗೆ ಕಟ್ಟುವ ಹೊತ್ತಿಗೆ ವಟ್ಟದ ಅಂಗಡಿಗೆ ಹೋಗಲೇಬೇಕು.

ಚೀನಾದಲ್ಲಿ ರಾಜವಂಶದ ಆಳ್ವಿಕೆಯ ವಿರುದ್ಧ ನಡೆದ 1911ರ ಕ್ರಾಂತಿಯ ನಂತರ ಇದಕ್ಕೆ ನೋಟಿನ ಗಲಾಟೆಯೂ ಸೇರಿಕೊಂಡಿತು. ನವೆಂಬರ್‌ನಲ್ಲಿ ಗುವಾಂಗ್‌ಡಾಂಗ್ ರಾಜವಂಶದ ಕೈಬಿಟ್ಟು ಸ್ವತಂತ್ರ ಅಂತ ಘೋಷಿಸಿಕೊಂಡಿತು. ಹೊಸ ಸರ್ಕಾರಕ್ಕೆ ಸೈನಿಕರಿಗೆ ಸಂಬಳ ಕೊಡಬೇಕು, ಖಜಾನೆ ಖಾಲಿ. ನೋಟು ಅಚ್ಚು ಹಾಕಿದರು. ಹಿಂದೆ ಬೆಳ್ಳಿಯ ಆಧಾರ ಇಲ್ಲದ ನೋಟಿನ ಬೆಲೆ ಇಳಿಯಿತು. ಆ ನೋಟುಗಳೂ ನದಿ ದಾಟಿ ಹಾಂಗ್‌ಕಾಂಗ್‌ಗೆ ಬಂದವು. ಅಲ್ಲಿ ಆಗ ಓಡಾಡುತ್ತಿದ್ದ ಸ್ಥಳೀಯ ನೋಟುಗಳೂ ಸರ್ಕಾರದ್ದಲ್ಲ ಅನ್ನುವುದನ್ನು ಮರೆಯಬಾರದು. ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕು, ಚಾರ್ಟರ್ಡ್ ಬ್ಯಾಂಕು, ಆಮೇಲೆ 1853ರಲ್ಲಿ ಬಾಂಬೆಯಲ್ಲಿ ಹುಟ್ಟಿದ ಮರ್ಕೆಂಟೈಲ್ ಬ್ಯಾಂಕು. ಎಲ್ಲವೂ ಖಾಸಗಿ. ಸರ್ಕಾರದ ಅನುಮತಿ ಇಲ್ಲದೆ ನೋಟು ಹೊರಡಿಸಬಾರದು ಅಂತ 1895ರಲ್ಲೇ ಕಾನೂನಿತ್ತು. ಸರ್ಕಾರ ತಾನೇ ಒಂದು ಡಾಲರ್ ನೋಟು ತಂದದ್ದು 1935ರಲ್ಲಿ, ಬೆಳ್ಳಿಯನ್ನು ಕೈಬಿಟ್ಟ ಮೇಲೆ. ಮತ್ತೆ ಹಾಂಗ್‌ಕಾಂಗ್‌ನ ಈ ಖಾಸಗಿ ಬ್ಯಾಂಕುಗಳ ನೋಟು ಗುವಾಂಗ್‌ಝೌ ಪೇಟೆಯಲ್ಲಿ ರಾಜಾರೋಷವಾಗಿ ನಡೆಯುತ್ತಿತ್ತು. ಅಲ್ಲಿ ಅದು ವಿದೇಶಿ ನೋಟೇ ತಾನೆ?

ಇಲ್ಲಿಂದ ಮುಂದಿನದ್ದು ನಿಮ್ಮ ಚೀಟಿಯಲ್ಲಿ ಇರಲೇಬೇಕಿತ್ತು ಅನ್ನುವುದು ನನ್ನ ವಾದ.

1912ರ ಜುಲೈ 4ರಂದು ಸರ್ ಫ್ರಾನ್ಸಿಸ್ ಹೆನ್ರಿ ಮೇ ಗವರ್ನರ್ ಆಗಿ ಹಾಂಗ್‌ಕಾಂಗ್‌ಗೆ ಬಂದಿಳಿದರು. ಊರಿಗೆ ಹೊಸಬರಲ್ಲ, ಹಿಂದೆ ಅಲ್ಲೇ ಪೊಲೀಸ್ ಮುಖ್ಯಸ್ಥರಾಗಿದ್ದವರು. ಬಂದ ದಿನವೇ ಒಬ್ಬ ಅವರ ಮೇಲೆ ಗುಂಡು ಹಾರಿಸಿದ. ಗುಂಡು ತಪ್ಪಿ ಅವರ ಹೆಂಡತಿ ಕೂತಿದ್ದ ಪಲ್ಲಕ್ಕಿಗೆ ಹೊಕ್ಕಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಗವರ್ನರ್ ಸಾಹೇಬರ ಮನಸ್ಸು ಯಾವ ಸ್ಥಿತಿಯಲ್ಲಿ ಕೆಲಸ ಶುರು ಮಾಡಿತು ಅಂತ ಊಹಿಸಬಹುದು. ಆ ವರ್ಷದ ಕೊನೆಯಲ್ಲಿ ಅವರ ಸೂಚನೆಯಂತೆ ಟ್ರಾಮ್ ಕಂಪನಿ, ಬೆಟ್ಟ ಹತ್ತುವ ಪೀಕ್ ಟ್ರಾಮು, ಬಂದರು ದಾಟಿಸುವ ಸ್ಟಾರ್ ಫೆರಿ, ಮೂರೂ ಸೇರಿ ಇನ್ನು ಮುಂದೆ ಚೀನೀ ನಾಣ್ಯ ತಗೊಳ್ಳುವುದಿಲ್ಲ ಅಂದವು.

ಟ್ರಾಮಿನವರ ಕಷ್ಟವೂ ನಿಜ. ಕ್ಯಾಶಿಯರ್ ಆಗಿದ್ದವನಿಗೆ ಅದು ಬೇಗ ಅರ್ಥವಾಗುತ್ತದೆ. 1904ರಲ್ಲಿ ಶುರುವಾದ ಟ್ರಾಮಿನಲ್ಲಿ ಫಸ್ಟ್ ಕ್ಲಾಸಿಗೆ 10 ಸೆಂಟು, ಥರ್ಡ್ ಕ್ಲಾಸಿಗೆ 5 ಸೆಂಟು. ಸೆಕೆಂಡ್ ಕ್ಲಾಸು ಇರಲೇ ಇಲ್ಲ, ಅದು ಬೇರೆ ತಮಾಷೆ. ಸಂಜೆ ಗಲ್ಲಾ ತುಂಬ ಬರೀ ಚಿಲ್ಲರೆ. ಅದನ್ನು ಡಾಲರ್ ಮಾಡಿಸಲು ಹೋದರೆ ನೂರಕ್ಕೆ ಇಷ್ಟು ಅಂತ ವಟ್ಟ ಕಳೆದುಕೊಳ್ಳಬೇಕು. ವಟ್ಟ ಶೇ. 5 ಅಂತಲೇ ಇಟ್ಟುಕೊಳ್ಳಿ, ಸುಮ್ನೆ ಲೆಕ್ಕಕ್ಕೆ. ಓಡಿಸಿದ ಪ್ರತಿ 20 ಟ್ರಾಮಿನಲ್ಲಿ ಒಂದು ಬಿಟ್ಟಿ ಓಡಿದ ಹಾಗಾಯಿತು. ಕಂಪನಿ ಸಹಿಸಲ್ಲ, ಸರಿ. ಆದರೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೊರಟವನ ಜೇಬಿನಲ್ಲಿ ಇರುವುದು ನಿನ್ನೆಯ ಧಣಿ ಕೊಟ್ಟ ಡ್ರ್ಯಾಗನ್ ನಾಣ್ಯ. ಧಣಿ ಅದನ್ನು ಪೂರ್ತಿ ಬೆಲೆಗೆ ಎಣಿಸಿ ಕೊಟ್ಟಿದ್ದಾನೆ. ಟ್ರಾಮಿನವನು ಬೇಡ ಅಂತಾನೆ. ಇಷ್ಟು ದಿನ ಕಂಪನಿ ಹೊರುತ್ತಿದ್ದ ವಟ್ಟ ಆ ಬೆಳಗ್ಗೆಯಿಂದ ಇವನ ತಲೆಗೆ ಬಂತು.

ಜನ ಟ್ರಾಮ್ ಹತ್ತುವುದನ್ನೇ ಬಿಟ್ಟರು. 1912ರ ನವೆಂಬರ್ ಕೊನೆಯಿಂದ 1913ರ ಫೆಬ್ರವರಿ ಆರಂಭದವರೆಗೆ ಟ್ರಾಮುಗಳು ಖಾಲಿ ಖಾಲಿ ಓಡಿದವು. ಇದರಲ್ಲಿ ದುಡ್ಡಿನ ಲೆಕ್ಕದಷ್ಟೇ ಮಾನದ ಪ್ರಶ್ನೆಯೂ ಇತ್ತು. ಚೀನೀ ಗಣರಾಜ್ಯ ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ. ಹಾಂಗ್‌ಕಾಂಗ್‌ನ ಚೀನೀಯರು ಅದಕ್ಕಾಗಿ ಸಂಭ್ರಮಿಸಿದ್ದರು. ಬ್ರಿಟನ್ ಅದನ್ನು ಒಪ್ಪಿ ಮಾನ್ಯತೆ ಕೊಟ್ಟದ್ದು 1913ರ ಅಕ್ಟೋಬರ್‌ನಲ್ಲಿ. ಅಂಥ ಹೊತ್ತಿನಲ್ಲಿ ‘ನಿಮ್ಮ ನಾಣ್ಯ ಇಲ್ಲಿ ನಡೆಯಲ್ಲ’ ಅಂದರೆ ಜನಕ್ಕೆ ಹೇಗೆ ಕೇಳಿಸಿರಬೇಕು!

ಗವರ್ನರ್ ಏನು ಮಾಡಿದರು? ಡಿಸೆಂಬರ್‌ನಲ್ಲಿ ಬಹಿಷ್ಕಾರ ತಡೆಯುವ ಕಾನೂನು ತಂದರು. ಬಹಿಷ್ಕಾರಕ್ಕೆ ಕುಮ್ಮಕ್ಕು ಕೊಡುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಬಹಿಷ್ಕಾರ ನಡೆದ ಬಡಾವಣೆಯ ಮೇಲೆ ವಿಶೇಷ ತೆರಿಗೆ ಹಾಕಿ ಕಂಪನಿಯ ನಷ್ಟ ತುಂಬಿಕೊಡಬಹುದು. ಈ ವಾಕ್ಯದ ಮುಂದೆ ಒಂದು ನಿಮಿಷ ನಿಲ್ಲಿ. ಟ್ರಾಮ್ ಹತ್ತದ ತಪ್ಪಿಗೆ ಟ್ರಾಮಿನ ನಷ್ಟವನ್ನು ಬೀದಿಯವರೆಲ್ಲ ಕಟ್ಟಬೇಕು! ಅಂದರೆ ನಷ್ಟ ಯಾರು ಹೊರಬೇಕು ಅನ್ನುವ ಪ್ರಶ್ನೆ ಸರ್ಕಾರದ ತಲೆಗೆ ಬಂದಿತ್ತು. ಕಂಪನಿಯ ನಷ್ಟದ ಬಗ್ಗೆ ಮಾತ್ರ ಬಂದಿತ್ತು, ಅಷ್ಟೇ. ಕೊನೆಗೆ ಚೀನೀ ಮುಖಂಡರು, ವ್ಯಾಪಾರಿಗಳು ಟಿಕೆಟ್‌ಗಳನ್ನು ಸಗಟಾಗಿ ಕೊಂಡು ತಮ್ಮ ಕೆಲಸದವರಿಗೆ ಹಂಚಿದರು. ಟ್ರಾಮು ತುಂಬಿತು. ಅದೇ 1913ರಲ್ಲಿ ವಿದೇಶಿ ನೋಟು ಚಲಾವಣೆ ನಿಷೇಧದ ಕಾನೂನು ಬಂತು. ವಿದೇಶಿ ಬೆಳ್ಳಿ, ನಿಕಲ್ ಚಿಲ್ಲರೆಗೂ ಇನ್ನೊಂದು ಕಾನೂನು. ನಿಮ್ಮ ಚೀಟಿ ಶುರುವಾಗುವುದೇ ಇಲ್ಲಿಂದ. ಮುಗಿಯುವುದೂ ಇಲ್ಲೇ.

ಕಾನೂನೇ ತಪ್ಪು ಅಂತ ನಾನು ಹೇಳುತ್ತಿಲ್ಲ. ದಿನಕ್ಕೊಂದು ಬೆಲೆಯ ನೋಟು, ಎರಡು ಬಗೆಯ ಚಿಲ್ಲರೆ ಒಂದೇ ಪೇಟೆಯಲ್ಲಿ ಓಡಾಡಿದರೆ ಬಡವನಿಗೇ ಮೋಸ ಜಾಸ್ತಿ. ಯಾವ ಸರ್ಕಾರವಾದರೂ ಒಂದಲ್ಲ ಒಂದು ದಿನ ಅದನ್ನು ತಡೆಯಲೇಬೇಕು. ನನ್ನ ತಕರಾರು ಇಷ್ಟೇ: ಒಂದು ಹಣವನ್ನು ನಿಲ್ಲಿಸುವ ದಿನ ಅದನ್ನು ಕೈಯಲ್ಲಿ ಹಿಡಿದವನ ನಷ್ಟ ಯಾರ ಪಾಲಿಗೆ ಬಂತು ಅಂತ ಬರೆಯದೆ ‘ನಿಷೇಧ’ ಅಂತ ಮಾತ್ರ ಬರೆದರೆ ಅದು ಅರ್ಧ ಮಾಹಿತಿ.

ಆ ಕಾಲವೇ ಹಾಗಿತ್ತು ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ಹಾಗೇನಿರಲಿಲ್ಲ. ಅದೇ ಸಾಮ್ರಾಜ್ಯದ ಇನ್ನೊಂದು ವಸಾಹತು ಸಿಲೋನ್. 1884ರ ಮೇ ತಿಂಗಳಲ್ಲಿ ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್ ಬಾಗಿಲು ಹಾಕಿತು. ದ್ವೀಪದ ತುಂಬ ಅದರ ನೋಟು. ಗವರ್ನರ್ ಸರ್ ಆರ್ಥರ್ ಗಾರ್ಡನ್ ಆ ನೋಟುಗಳಿಗೆ ಸರ್ಕಾರದ ಖಾತರಿ ಕೊಟ್ಟುಬಿಟ್ಟರು. ಅದೇ ವರ್ಷ ಸರ್ಕಾರಿ ನೋಟಿನ ಕಾನೂನೂ ಬಂತು. ಅಲ್ಲಿನದ್ದು ಮುಳುಗಿದ ಬ್ಯಾಂಕಿನ ನೋಟು, ಇಲ್ಲಿಯದ್ದು ಪಕ್ಕದ ಪ್ರಾಂತ್ಯದ ನೋಟು, ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ನೋಟು ಹಿಡಿದು ನಿಂತವನನ್ನು ನೋಡುವ ಕಣ್ಣು ಒಬ್ಬ ಗವರ್ನರ್‌ಗೆ ಇರಬಹುದು ಅನ್ನುವುದಕ್ಕೆ ಸಾಕ್ಷಿ ಸಾಕಲ್ವಾ?

ಇನ್ನು ನಿಮ್ಮ ಪೆಟ್ಟಿಗೆಯ ಕೆಳಸಾಲು. ಅಲ್ಲಿ ಜಪಾನಿನ ಮಿಲಿಟರಿ ಯೆನ್, ಅಂದರೆ ಯುದ್ಧಕಾಲದಲ್ಲಿ ಜಪಾನಿ ಸೈನ್ಯ ಹೊರಡಿಸಿದ ನೋಟು, ಇಟ್ಟಿದ್ದಿರಿ. ಅದರ ಚೀಟಿ ಒಂದು ಪುಟದಷ್ಟಿದೆ, ಚೆನ್ನಾಗಿಯೂ ಇದೆ. 1941ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ಬಿದ್ದ ಮೇಲೆ ಎರಡು ಡಾಲರ್‌ಗೆ ಒಂದು ಯೆನ್ ಅಂದದ್ದು, 1942ರಲ್ಲಿ ಅದನ್ನು ನಾಲ್ಕಕ್ಕೆ ಒಂದು ಮಾಡಿದ್ದು, 1943ರ ಜೂನ್‌ನಲ್ಲಿ ಡಾಲರನ್ನೇ ನಿಷೇಧಿಸಿದ್ದು, ಯುದ್ಧ ಮುಗಿದ ಮೇಲೆ ಯೆನ್ ಬರೀ ಕಾಗದವಾಗಿ ಜನ ಬೀದಿಗೆ ಬಂದದ್ದು, 1993ರಲ್ಲಿ ಟೋಕಿಯೋದಲ್ಲಿ ದಾವೆ ಹೂಡಿ 1999ರಲ್ಲಿ ಸೋತದ್ದು, ಎಲ್ಲ ಬರೆದಿದ್ದೀರಿ. ಓದಿ ನನ್ನ ಕಣ್ಣೂ ತೇವವಾಯಿತು. ಆದರೆ ಗುವಾಂಗ್‌ಡಾಂಗ್ ನೋಟಿಗೆ ಮಾತ್ರ ಒಂದೂವರೆ ಸಾಲು ಯಾಕೆ? ಜಪಾನಿನವರು ಮಾಡಿದರೆ ಜನರ ಗೋಳು, ಬ್ರಿಟಿಷರು ಮಾಡಿದರೆ ಹಣಕಾಸಿನ ಶಿಸ್ತು ಅಂತಾಗಬಾರದು. ಎರಡರ ಕ್ರೌರ್ಯ ಒಂದೇ ಅಳತೆಯದ್ದು ಅಂತ ನಾನು ಹೇಳುವುದಿಲ್ಲ. ಒಂದರಲ್ಲಿ ಬಂದೂಕಿತ್ತು. ಆದರೂ ಜೇಬಿನ ಲೆಕ್ಕ ಕೇಳುವ ಪ್ರಶ್ನೆ ಎರಡು ಕಡೆಗೂ ಒಂದೇ ಇರಬೇಕು.

ಆ ಸಾಲಿನಲ್ಲೇ ಒಂದು ಒಳ್ಳೆಯ ಉದಾಹರಣೆ ನಿಮ್ಮ ಕೈತಪ್ಪಿದೆ. ಜಪಾನೀಯರು ಬ್ಯಾಂಕಿನವರನ್ನು ಹೆದರಿಸಿ ಹೊರಡಿಸಿದ ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ನೋಟುಗಳಿವೆಯಲ್ಲ, ಅವಕ್ಕೆ ಹಿಂದೆ ಯಾವ ಆಧಾರವೂ ಇರಲಿಲ್ಲ. ಯುದ್ಧದ ನಂತರ ಅವನ್ನು ತಳ್ಳಿಹಾಕಬಹುದಿತ್ತು. 1946ರಲ್ಲಿ ಅವಕ್ಕೂ ಪೂರ್ತಿ ಮಾನ್ಯತೆ ಕೊಟ್ಟರು. ನಷ್ಟ ನೋಟು ಹಿಡಿದವನಿಗೆ ಬೀಳಲಿಲ್ಲ. ಸಟ್ಟಾ ವ್ಯಾಪಾರಿಗಳು ಮೊದಲೇ ಕಡಿಮೆ ಬೆಲೆಗೆ ಕೊಂಡಿಟ್ಟುಕೊಂಡು ಕಾಸು ಮಾಡಿಕೊಂಡರು ಅನ್ನುವ ಮಾತೂ ಇದೆ. ಇರಲಿ. ಆ ನೋಟು ನಿಮ್ಮ ಪೆಟ್ಟಿಗೆಯಲ್ಲಿದೆ, ಕೆಳಗೆ ‘ಅಪರೂಪದ್ದು’ ಅಂತ ಮಾತ್ರ ಇದೆ.

ನನಗೆ ಈ ವಿಷಯ ಯಾಕಿಷ್ಟು ಹತ್ತಿತು ಅಂದರೆ, 2016ರ ನವೆಂಬರ್ 8ರ ನಂತರದ ದಿನಗಳಲ್ಲಿ ನಾನು ಕೌಂಟರ್‌ನ ಒಳಗೆ ಕೂತಿದ್ದೆ. ತಳ್ಳುಗಾಡಿಯಲ್ಲಿ ತರಕಾರಿ ಮಾರುವವರೊಬ್ಬರು ಐನೂರರ ನೋಟು ಬದಲಿಸಿಕೊಂಡು, ಹೊಸ ನೋಟನ್ನು ಎರಡು ಸಲ ಎಣಿಸಿ, “ಸಾರ್, ನೋಟೇನೋ ಪೂರ್ತಿ ಬಂತು. ಇವತ್ತು ಲೈನಲ್ಲಿ ನಿಂತ ಕೂಲಿ ಎಲ್ಲಿ ಬರ್ಸ್ಕೊಳ್ಲಿ?” ಅಂದರು. ನನ್ನ ಲೆಡ್ಜರ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಪ್ರದರ್ಶನದ ಚೀಟಿಯಲ್ಲಾದರೂ ಒಂದು ಕಾಲಂ ಇರಲಿ ಅನ್ನುವುದು ನನ್ನ ಆಸೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ. ಮುಂದಿನ ಪ್ರದರ್ಶನದ ಹೊತ್ತಿಗೆ ಆ ಗುವಾಂಗ್‌ಡಾಂಗ್ ನೋಟಿನ ಕೆಳಗೆ ಕನಿಷ್ಠ ಎರಡು ಸಾಲು ಸೇರಿಸಿ. ಟ್ರಾಮಿನ ದರ ಎಷ್ಟಿತ್ತು, ಚೀನೀ ನಾಣ್ಯ ಬೇಡ ಅಂದಾಗ ಜನ ಏನು ಮಾಡಿದರು, ಕಾನೂನು ಯಾರ ನಷ್ಟ ತುಂಬಿಕೊಡಲು ಬಂತು ಅಂತ ಬರೆದರೆ ಸಾಕು. ಡ್ರ್ಯಾಗನ್ ಇರುವ 20 ಸೆಂಟನ್ನು, ಹಾಂಗ್‌ಕಾಂಗ್‌ನ 20 ಸೆಂಟನ್ನು, ಮೆಕ್ಸಿಕೋ ಡಾಲರನ್ನು ಒಂದೇ ಬಟ್ಟೆಯ ಮೇಲೆ ಪಕ್ಕಪಕ್ಕ ಇಡಿ. ‘ಇವುಗಳಲ್ಲಿ ವಿದೇಶಿ ಯಾವುದು?’ ಅಂತ ಒಂದು ಪ್ರಶ್ನೆ ಬರೆಯಿರಿ. ಮಕ್ಕಳು ತಾವೇ ಜಗಳ ಆಡಿಕೊಳ್ಳುತ್ತಾರೆ. ಬ್ರಿಟಿಷ್ ಡಾಲರ್ ಪಕ್ಕ ಒಂದು ಭೂತಗನ್ನಡಿ ಇಡಿ. ನಿಂತಿರುವ ಬ್ರಿಟಾನಿಯಾ ದೇವಿಯ ತ್ರಿಶೂಲದ ನಡುವಿನ ಮೊನೆಯಲ್ಲಿ ಇರುವ ಪುಟ್ಟ ‘ಬಿ’ ಅಕ್ಷರ ಬರಿಗಣ್ಣಿಗೆ ಕಾಣಲ್ಲ. ಅದು ಬಾಂಬೆ ಟಂಕಸಾಲೆಯ ಗುರುತು. 1895ರಿಂದ ಆ ಡಾಲರ್ ನಮ್ಮ ದೇಶದಲ್ಲಿ ಅಚ್ಚಾಗಿ ಅಲ್ಲಿಗೆ ಹೋಗುತ್ತಿತ್ತು. ನಮ್ಮಲ್ಲಿ ತಯಾರಾದ ನಾಣ್ಯ ಅಲ್ಲಿ ಸ್ವದೇಶಿ, ಪಕ್ಕದೂರಿನದ್ದು ವಿದೇಶಿ. ಇಂಥ ಮಜಾ ವಿಷಯವನ್ನು ಯಾರಾದರೂ ಬಚ್ಚಿಡುತ್ತಾರಾ?

ದಯವಿಟ್ಟು ಕನ್ನಡದ ಚೀಟಿಯನ್ನು ಇಂಗ್ಲಿಷ್ ಚೀಟಿಗಿಂತ ಚಿಕ್ಕದು ಮಾಡಬೇಡಿ. ಮಿಲಿಟರಿ ಯೆನ್‌ನ ಪುಟ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಹೆಸರು, ಇಸವಿ ಅಷ್ಟೇ. ಜಾಗ ಸಾಲದು ಅಂದರೆ ನಾಣ್ಯದ ಮಾರುಕಟ್ಟೆ ಬೆಲೆ ಬರೆಯುವ ಸಾಲನ್ನು ತೆಗೆಯಿರಿ. ಅದು ಬೇಕಾದವರು ಹೊರಗಿನ ಸ್ಟಾಲ್‌ಗಳಲ್ಲಿ ಕೇಳಿಕೊಳ್ಳುತ್ತಾರೆ.

ಬರೀ ದೂರು ಹೇಳಿ ಹೋಗುವವನಲ್ಲ ನಾನು. ನನ್ನ ಹತ್ತಿರ 1 ಮೇಸ್ 4.4 ಕ್ಯಾಂಡರೀನ್‌ನ ಸವಕಲು ನಾಣ್ಯವೊಂದಿದೆ, ‘ಬಿ’ ಗುರುತಿನ ಡಾಲರ್ ಇದೆ. ಎರವಲು ಕೊಡುತ್ತೇನೆ. ಚೀಟಿಗಳ ಕನ್ನಡ ಕರಡನ್ನೂ ಬರೆದು ಕೊಡುತ್ತೇನೆ, ತಿದ್ದುವುದು ನಿಮಗೆ ಬಿಟ್ಟದ್ದು. ಪ್ರದರ್ಶನದ ದಿನಗಳಲ್ಲಿ ಆ ಪೆಟ್ಟಿಗೆಯ ಪಕ್ಕ ಒಂದು ಸ್ಟೂಲ್ ಹಾಕಿಕೊಟ್ಟರೆ ಬೆಳಗ್ಗೆಯಿಂದ ಸಂಜೆವರೆಗೆ ಕೂತು, ಕೇಳಿದವರಿಗೆಲ್ಲ ಹೇಳುತ್ತೇನೆ. ನಿಮ್ಮ ಮುಂದಿನ ಸಭೆಯಲ್ಲಿ ಈ ಪತ್ರವನ್ನು ಓದಿ, ಆಗುತ್ತದೋ ಇಲ್ಲವೋ ತಿಳಿಸಿ. ಇಲ್ಲ ಅನ್ನುವುದಾದರೆ ಯಾಕೆ ಅನ್ನುವುದನ್ನೂ ತಿಳಿಸಿ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕ್ಯಾಶಿಯರ್, ಬೆಂಗಳೂರು